ಸೊನ್ನೆ ಖರೆ, ಆದರೆ ರಿಪೋರ್ಟಿನ ತಾರೀಖು ನೋಡಿದ್ದೀರಾ?

ಪ್ರಶ್ನೆ: ಮೇಡಂ, ನಮ್ಮದು ಸೇಡಂ ಕಡೆಯ ಒಂದು ಹಳ್ಳಿ. ನನಗೆ 27 ವರ್ಷ, ನಮ್ಮ ಮನೆಯವರಿಗೆ 34. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ನಾಲ್ಕು ವರ್ಷದ ಹಿಂದೆ ಅವರು ಹೈದರಾಬಾದಿನಲ್ಲಿ ಗೌಂಡಿ ಕೆಲಸ ಮಾಡುವಾಗ ಜ್ವರ ಬಂದು ರಕ್ತ ತಪಾಸಣೆ ಮಾಡಿಸಿದರು. ಎಚ್‌ಐವಿ ಅಂತ ಬಂತು. ನನ್ನದು ಅವತ್ತೂ ನೆಗೆಟಿವ್, ಹೋದ ವರ್ಷವೂ ನೆಗೆಟಿವ್. ಅವರು ದಿನಾ ರಾತ್ರಿ ಒಂದು ಗುಳಿಗೆ ತಗೋತಾರೆ. ರಿಪೋರ್ಟಿನಲ್ಲಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಅಂತ ಇದೆ, ಫೋಟೊ ಕಳಿಸಿದ್ದೇನೆ. ಈ ಸಲ ತೊಗರಿ ರಾಶಿ ಹೊತ್ತಿಗೆ ಡಬ್ಬಿ ಖಾಲಿಯಾಯ್ತು. ಕಲಬುರಗಿಗೆ ಹೋಗಲು ಆಗದೆ 20 ದಿನ ಗುಳಿಗೆ ಬಿಟ್ಟಿದ್ದರು. ಈಗ ಮತ್ತೆ ಶುರು ಮಾಡಿದ್ದಾರೆ. ಅತ್ತೆಗೆ ಇದೇನೂ ಗೊತ್ತಿಲ್ಲ. ‘ಬಂಜಿ’ ಅಂತ ದಿನಾ ಮಾತು, ಮಗನಿಗೆ ಇನ್ನೊಂದು ಮದುವೆ ಮಾಡ್ತೀನಿ ಅಂತಾರೆ. ಇವರು ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದಾರೆ. ಗುಳಿಗೆ ತಗೊಳ್ಳುವ ಗಂಡನಿಂದ ಹೆಂಡತಿಗೆ ಬರೋದೇ ಇಲ್ಲ ಅಂತ ಲಂಡನ್ನಿನ ಡಾಕ್ಟರೊಬ್ಬರು ಸಂಶೋಧನೆ ಮಾಡಿ ಹೇಳಿದ್ದಾರಂತೆ. ಖರೆನಾ ಮೇಡಂ? ಹೋದ ತಿಂಗಳಿಂದ ನಿರೋಧ್ ಬಿಟ್ಟಿದ್ದೇವೆ. ಮಗು ಆದರೆ ಅದಕ್ಕೆ ಬರುತ್ತಾ? ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ: ತಂಗಿ, ಲಂಡನ್ನಿನ ಮಾತು ಆಮೇಲೆ. ಮೊದಲು ಇವತ್ತಿನ ಮಾತು. ಇವತ್ತು ರಾತ್ರಿಯಿಂದಲೇ ಮತ್ತೆ ನಿರೋಧ್ ಬಳಸಿ. ನೀವಿಬ್ಬರೂ ನಿರೋಧ್ ಇಲ್ಲದೆ ಕೊನೆಯದಾಗಿ ಸೇರಿ 72 ಗಂಟೆ ಆಗಿಲ್ಲ ಅಂದ್ರೆ, ಇದನ್ನು ಓದುವುದು ಇಲ್ಲಿಗೇ ನಿಲ್ಲಿಸಿ ಎ.ಆರ್.ಟಿ. ಸೆಂಟರಿಗೆ, ಅಂದ್ರೆ ನಿಮ್ಮವರಿಗೆ ಎಚ್‌ಐವಿ ಗುಳಿಗೆ ಕೊಡುವ ಕೇಂದ್ರಕ್ಕೆ, ಹೊರಡಿ. ಸೋಂಕು ತಗುಲಿರಬಹುದು ಅನ್ನುವಾಗ ಅದು ಬೇರೂರದಂತೆ ತಡೆಯುವ ಗುಳಿಗೆಗಳಿವೆ, 28 ದಿನ ತಗೋಬೇಕು. 72 ಗಂಟೆ ದಾಟಿದರೆ ಅದರಿಂದ ಉಪಯೋಗವಿಲ್ಲ. ನಿಮಗೆ ಬೇಕಾ ಬೇಡವಾ ಅನ್ನೋದನ್ನ ಅಲ್ಲಿಯ ವೈದ್ಯರು ನೋಡಿ ಹೇಳುತ್ತಾರೆ. ಹೋದಾಗ ‘20 ದಿನ ಗುಳಿಗೆ ಬಿಟ್ಟಿದ್ದರು’ ಅನ್ನೋದನ್ನ ಮುಚ್ಚಿಡಬೇಡಿ. ಬೈಯಬಹುದು, ಬೈಯಲಿ.

ಈಗ ನಿಮ್ಮ ಪ್ರಶ್ನೆ. ವಿಡಿಯೊದಲ್ಲಿ ಹೇಳಿದ್ದು ಖರೆ. ಗುಳಿಗೆಯಿಂದ ವೈರಸ್ ಇಳಿದು ನಿಂತಿದ್ದರೆ ಪೂರ್ತಿ ಖರೆ. ಆದರೆ ಆ ಲೆಕ್ಕದಲ್ಲಿ ನೀವಿಬ್ಬರು ಇವತ್ತು ಬರುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಆ ಸಂಶೋಧನೆ ಹೇಗೆ ನಡೆಯಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ವಿಡಿಯೊ ಮಾಡುವವರು ‘ಸೊನ್ನೆ’ ಅಂತ ದೊಡ್ಡದಾಗಿ ತೋರಿಸುತ್ತಾರೆ. ಆ ಸೊನ್ನೆ ಎಲ್ಲಿಂದ ಬಂತು, ಯಾರನ್ನು ಎಣಿಸಿ ಬಂತು ಅಂತ ಹೇಳಲ್ಲ.

ಆ ಡಾಕ್ಟರ ಹೆಸರು ಅಲಿಸನ್ ರಾಜರ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಾಂಕ್ರಾಮಿಕ ರೋಗಗಳ ಪ್ರಾಧ್ಯಾಪಕಿ. ಅವರೂ ಯುರೋಪಿನ ಅವರ ಜೊತೆಗಾರರೂ 2010ರಲ್ಲಿ ‘ಪಾರ್ಟ್ನರ್’ ಅನ್ನುವ ಅಧ್ಯಯನ ಶುರು ಮಾಡಿದರು. ಒಬ್ಬರಿಗೆ ಎಚ್‌ಐವಿ ಇದೆ, ಇನ್ನೊಬ್ಬರಿಗೆ ಇಲ್ಲ, ಇಬ್ಬರೂ ತಾವಾಗಿಯೇ ನಿರೋಧ್ ಇಲ್ಲದೆ ಬಾಳುತ್ತಿದ್ದಾರೆ, ಅಂಥ ಜೋಡಿಗಳನ್ನು ಹುಡುಕಿದರು. ‘ನಿರೋಧ್ ಬಿಡಿ, ಏನಾಗುತ್ತೆ ನೋಡೋಣ’ ಅಂತ ಇವರು ಯಾರಿಗೂ ಹೇಳಲಿಲ್ಲ, ಹಾಗೆ ಹೇಳೋದು ಪಾಪ. ಮೊದಲೇ ಬಿಟ್ಟಿದ್ದವರನ್ನು ಕಣ್ಣಿಟ್ಟು ನೋಡುತ್ತಾ ಹೋದರು, ಅಷ್ಟೇ. ಕೆಲವು ತಿಂಗಳಿಗೊಮ್ಮೆ ಇಬ್ಬರನ್ನೂ ಬೇರೆಬೇರೆಯಾಗಿ ಪ್ರಶ್ನೆ ಕೇಳಿದರು, ಎಚ್‌ಐವಿ ಇಲ್ಲದವರಿಗೆ ಮತ್ತೆ ಮತ್ತೆ ಟೆಸ್ಟ್ ಮಾಡಿದರು.

ಮೊದಲ ಭಾಗ 2016ರಲ್ಲಿ ‘ಜಾಮಾ’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 14 ದೇಶಗಳ 888 ಜೋಡಿಗಳ ಲೆಕ್ಕ. ಅದರಲ್ಲಿ 548 ಗಂಡು-ಹೆಣ್ಣಿನ ಜೋಡಿ, ಉಳಿದ 340 ಗಂಡು-ಗಂಡಿನ ಜೋಡಿ. ಎಲ್ಲರೂ ಸೇರಿ ನಿರೋಧ್ ಇಲ್ಲದೆ ಕೂಡಿದ್ದು ಸುಮಾರು 58,000 ಸಲ. ಸಂಗಾತಿಯಿಂದ ಸಂಗಾತಿಗೆ ಎಚ್‌ಐವಿ ದಾಟಿದ್ದು ಸೊನ್ನೆ ಸಲ.

ಇದರಲ್ಲಿ ನನಗೆ ಭಾಳ ಇಷ್ಟವಾಗುವ ಭಾಗ ಬೇರೆಯೇ ಇದೆ. ಆ ಅಧ್ಯಯನದಲ್ಲಿ 11 ಜನಕ್ಕೆ ಹೊಸದಾಗಿ ಎಚ್‌ಐವಿ ಬಂತು! ಸೊನ್ನೆ ಅಂದಿರಿ, ಈಗ 11 ಅಂತೀರಲ್ಲ ಅಂತ ಕೇಳಬಹುದು. ಆ 11 ಜನರ ವೈರಸ್ಸನ್ನೂ ಅವರ ಸಂಗಾತಿಯ ವೈರಸ್ಸನ್ನೂ ತಗೊಂಡು, ಎರಡರ ವಂಶವಾಹಿಯನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿದರು. ನಿಮಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಹೊಲದ ತುಂಬಾ ಟಿಎಸ್-3ಆರ್ ತೊಗರಿ ಬಿತ್ತಿದ್ದೀರಿ. ರಾಶಿಯಲ್ಲಿ ಬೇರೆ ತಳಿಯ ಕಾಳು ಕಂಡರೆ ನಿಮ್ಮ ಮಾವನವರು ಅಂಗೈ ಮೇಲೆ ಹಾಕಿಕೊಂಡು ‘ಇದು ನಮ್ಮ ಬೀಜ ಅಲ್ಲ’ ಅಂತ ಹೇಳಿಬಿಡುತ್ತಾರೆ ಅಲ್ವಾ? ಹಾಗೆಯೇ. 11ರಲ್ಲಿ ಒಂದೂ ಮನೆಯ ಬೀಜ ಆಗಿರಲಿಲ್ಲ. ಆ 11 ಜನರಲ್ಲಿ 8 ಮಂದಿ, ನಾವು ಬೇರೆಯವರ ಜೊತೆಗೂ ನಿರೋಧ್ ಇಲ್ಲದೆ ಸೇರಿದ್ದೆವು ಅಂತ ತಾವೇ ಒಪ್ಪಿಕೊಂಡಿದ್ದರು. ಸುಮ್ನೆ ‘ಯಾರಿಗೂ ಬರಲಿಲ್ಲ’ ಅಂತ ಬರೆದಿದ್ದರೆ ನಾನು ಅಷ್ಟಾಗಿ ನಂಬುತ್ತಿರಲಿಲ್ಲ. ಬಂದವರನ್ನೂ ಮುಚ್ಚಿಡದೆ ಎಣಿಸಿ, ಎಲ್ಲಿಂದ ಬಂತು ಅಂತ ಬೆನ್ನು ಹತ್ತಿ ನೋಡಿದ್ದಾರೆ. ಅದಕ್ಕೇ ಆ ಸೊನ್ನೆಗೆ ಅಷ್ಟು ಬೆಲೆ.

ಎರಡನೇ ಭಾಗ 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅದರಲ್ಲಿ ಗಂಡು-ಗಂಡಿನ ಜೋಡಿಗಳು ಮಾತ್ರ, 782 ಜೋಡಿ. ಯಾಕೆ ಅವರು ಮಾತ್ರ? ಮೊದಲ ಭಾಗದಲ್ಲಿ ಅವರ ಸಂಖ್ಯೆ ಕಡಿಮೆ ಇತ್ತು. ಕಡಿಮೆ ಜನರಲ್ಲಿ ಸೊನ್ನೆ ಬಂದರೆ ಅದು ಅದೃಷ್ಟವೂ ಇರಬಹುದು. ಹತ್ತು ಸಲ ನಾಣ್ಯ ಚಿಮ್ಮಿದ್ದಕ್ಕೂ ಸಾವಿರ ಸಲ ಚಿಮ್ಮಿದ್ದಕ್ಕೂ ವ್ಯತ್ಯಾಸ ಇದೆ ತಾನೆ? ಆದ್ದರಿಂದ ಇನ್ನೂ ಹೆಚ್ಚು ವರ್ಷ, ಇನ್ನೂ ಹೆಚ್ಚು ಜೋಡಿ ನೋಡಿದರು. ನಿರೋಧ್ ಇಲ್ಲದೆ 76,000ಕ್ಕೂ ಹೆಚ್ಚು ಸಲ. 15 ಜನಕ್ಕೆ ಹೊಸ ಸೋಂಕು, ಅದರಲ್ಲಿ ಸಂಗಾತಿಯಿಂದ ಬಂದದ್ದು ಮತ್ತೆ ಸೊನ್ನೆ.

ಸರಿ, ಹಾಗಾದರೆ ನಿಮ್ಮಿಬ್ಬರನ್ನು ನಾನು ಯಾಕೆ ಹೊರಗಿಟ್ಟೆ?

ಆ ಮೊದಲ ಭಾಗಕ್ಕೆ ಹೆಸರು ಕೊಟ್ಟಿದ್ದವರು 888 ಜೋಡಿಯಲ್ಲ, 1,166 ಜೋಡಿ. ಲೆಕ್ಕಕ್ಕೆ ತಗೊಂಡದ್ದು ಮಾತ್ರ 888. ಉಳಿದವರು ಬೇರೆಬೇರೆ ಕಾರಣಕ್ಕೆ ಹೊರಗುಳಿದರು. ಅದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಎಚ್‌ಐವಿ ಇರುವವರ ವೈರಲ್ ಲೋಡ್ ಟೆಸ್ಟ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಎಣಿಸುವ ಪರೀಕ್ಷೆ, ಕಳೆದ 12 ತಿಂಗಳೊಳಗೆ ಆಗಿರಬೇಕು, ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ 200ಕ್ಕಿಂತ ಕಡಿಮೆ ಇರಬೇಕು. ಅಷ್ಟು ಇಲ್ಲದ ಅವಧಿಯನ್ನು ಅವರು ಪುಸ್ತಕದಿಂದ ಹೊಡೆದು ಹಾಕಿದರು.

ನೀವು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ನಡುವೆ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಅಂತ ಇದೆ, ಒಳ್ಳೆಯದು. ಅದರ ಮೇಲೆ, ಬಲಗಡೆ, ಸಣ್ಣ ಅಕ್ಷರದಲ್ಲಿ ರಕ್ತ ತೆಗೆದ ತಾರೀಖು ಇದೆ. ಅದರ ಮೇಲೆಯೇ ಕಾಗದ ಮಡಿಚಿದ ಗೆರೆ ಬಿದ್ದಿದೆ, ಅದಕ್ಕೇ ನೀವು ನೋಡಿಲ್ಲ ಅನ್ನಿಸುತ್ತೆ. ಅದು 14 ತಿಂಗಳ ಹಿಂದಿನ ರಿಪೋರ್ಟು. ರಾಜರ್ ಅವರ ಮುಂದೆ ಇಟ್ಟಿದ್ದರೂ ‘ಇದು ಹಳೆಯದು, ಹೊಸದು ತನ್ನಿ’ ಅನ್ನುತ್ತಿದ್ದರು. ಅದರ ಮೇಲೆ 20 ದಿನ ಗುಳಿಗೆ ಇಲ್ಲ. ಆ 14 ತಿಂಗಳ ಹಿಂದಿನ ಕಾಗದಕ್ಕೆ ಈ 20 ದಿನದ ಸುದ್ದಿ ಗೊತ್ತಿಲ್ಲ.

20 ದಿನ ಬಿಟ್ಟರೆ ಏನಾಗುತ್ತೆ ಅಂತ ಹೇಳುತ್ತೇನೆ. ‘ಡಿಟೆಕ್ಟ್ ಆಗಿಲ್ಲ’ ಅಂದ್ರೆ ಮೈಯಲ್ಲಿ ವೈರಸ್ಸೇ ಇಲ್ಲ ಅಂತಲ್ಲ. ರಕ್ತದಲ್ಲಿ ಎಣಿಸಲು ಸಿಗುವಷ್ಟು ಇಲ್ಲ ಅಂತ. ಎರೆ ಹೊಲದಲ್ಲಿ ಕುಂಟೆ ಹೊಡೆದ ಮೇಲೆ ನೆಲ ಸ್ವಚ್ಛ ಕಾಣುತ್ತೆ, ಆದರೆ ಕರಿಕೆಯ ಬೇರು ಕೆಳಗೆ ಇದ್ದೇ ಇರುತ್ತೆ. ನಾಲ್ಕು ಹನಿ ಬಿದ್ದರೆ ಸಾಕು, ಮತ್ತೆ ಹಸಿರು. ಎಚ್‌ಐವಿಯೂ ಕೆಲವು ಜೀವಕೋಶಗಳೊಳಗೆ ನಿದ್ದೆ ಮಾಡಿಕೊಂಡಿರುತ್ತೆ, ಅಲ್ಲಿಗೆ ಗುಳಿಗೆ ಮುಟ್ಟುವುದಿಲ್ಲ. ಗುಳಿಗೆ ನಿಂತರೆ ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ರಕ್ತದಲ್ಲಿ ವೈರಸ್ ಮತ್ತೆ ಏರುತ್ತೆ. ನಿಮ್ಮವರ 20 ದಿನ ಸರಿಯಾಗಿ ಆ ಹೊತ್ತಿನಲ್ಲೇ ಬರುತ್ತೆ. ಏರಿರಬಹುದು, ಏರದೆಯೂ ಇರಬಹುದು. ಟೆಸ್ಟ್ ಮಾಡದೆ ನಾನಲ್ಲ, ಲಂಡನ್ನಿನವರೂ ಹೇಳಲಾರರು. ಮೇಲಾಗಿ ಪಾರ್ಟ್ನರ್ ಅಧ್ಯಯನದಲ್ಲಿ ಇದ್ದವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ತಪ್ಪದೆ ಗುಳಿಗೆ ತಗೊಂಡವರು.

ಇಲ್ಲಿ ನಿಮ್ಮ ಮನಸ್ಸಿನಲ್ಲಿ ಇನ್ನೊಂದು ಅನುಮಾನ ಬಂದಿರಬಹುದು. ನನ್ನ ಹತ್ತಿರ ಬರುವ ಭಾಳ ಜನ ಕೇಳುತ್ತಾರೆ. ‘ಮೇಡಂ, ಅದು ಬಿಳಿಯರ ಮೈ, ತಂಪು ದೇಶ. ನಾವು ಬಿಸಿಲಾಗ ಕಲ್ಲು ಹೊರೋರು. ನಮಗೂ ಅದೇ ಲೆಕ್ಕ ಹೆಂಗ?’ ಪ್ರಶ್ನೆ ದಡ್ಡತನದ್ದಲ್ಲ. ಯುರೋಪಿನಲ್ಲಿ ಹೆಚ್ಚಾಗಿರುವುದು ಬಿ ತಳಿಯ ವೈರಸ್, ನಮ್ಮಲ್ಲಿ ಹೆಚ್ಚಾಗಿರುವುದು ಸಿ ತಳಿ. ಇದಕ್ಕೆ ಉತ್ತರ ಇನ್ನೊಂದು ಅಧ್ಯಯನದಲ್ಲಿದೆ. ಎಚ್‌ಪಿಟಿಎನ್ 052 ಅಂತ ಅದರ ಹೆಸರು. ಅಮೆರಿಕದ ಮೈರನ್ ಕೋಹೆನ್ ಅನ್ನುವ ವೈದ್ಯರು ಮುನ್ನಡೆಸಿದ್ದು. ಒಂಬತ್ತು ದೇಶ, 1,763 ಜೋಡಿ, ಬಹುತೇಕ ಎಲ್ಲರೂ ಗಂಡ-ಹೆಂಡತಿಯರು. ಆಫ್ರಿಕದ ಹಲವು ಊರುಗಳ ಜೊತೆ ನಮ್ಮ ಚೆನ್ನೈ, ಪುಣೆಯ ಜೋಡಿಗಳೂ ಅದರಲ್ಲಿ ಇದ್ದವು. ಚೆನ್ನೈನಲ್ಲಿ ಅದನ್ನು ನಡೆಸಿದ ಸಂಸ್ಥೆ ಕಟ್ಟಿದವರು ಡಾ. ಸುನೀತಿ ಸಾಲೊಮನ್. 1986ರಲ್ಲಿ ಭಾರತದ ಮೊದಲ ಎಚ್‌ಐವಿ ಸೋಂಕು ಪತ್ತೆ ಮಾಡಿದವರು ಅವರೂ ಅವರ ವಿದ್ಯಾರ್ಥಿನಿ ನಿರ್ಮಲಾ ಅವರೂ. ಎಚ್‌ಐವಿ ಇರುವವರಿಗೆ ವಧು-ವರರನ್ನು ಹುಡುಕಿ ಮದುವೆ ಮಾಡಿಸುತ್ತಿದ್ದರು ಸುನೀತಿ ಅವರು. ನಮ್ಮ ಕಡೆ ವಧೂ-ವರರ ಸಮಾವೇಶಕ್ಕೆ ಹೋದಾಗಲೆಲ್ಲ ನನಗೆ ಅವರ ನೆನಪು.

ಆ ಅಧ್ಯಯನದಲ್ಲಿ ಅರ್ಧ ಜನಕ್ಕೆ ಕೂಡಲೇ ಔಷಧಿ ಶುರು ಮಾಡಿದರು. ಉಳಿದವರಿಗೆ ಆಗಿನ ಪದ್ಧತಿಯಂತೆ, ರೋಗನಿರೋಧಕ ಶಕ್ತಿ ಇಳಿದ ಮೇಲೆ. 2011ರಲ್ಲಿ ಲೆಕ್ಕ ತೆಗೆದು ನೋಡಿದರೆ ಸಂಗಾತಿಯಿಂದ ಸಂಗಾತಿಗೆ ದಾಟಿದ್ದು 28 ಸಲ. ಅದರಲ್ಲಿ 27 ತಡವಾಗಿ ಔಷಧಿ ಶುರು ಮಾಡಿದ ಗುಂಪಿನಲ್ಲಿ, ಒಂದೇ ಒಂದು ಬೇಗ ಶುರು ಮಾಡಿದ ಗುಂಪಿನಲ್ಲಿ. ಇಷ್ಟು ಸ್ಪಷ್ಟ ಇರುವಾಗ ಇನ್ನರ್ಧ ಜನರನ್ನು ಕಾಯಿಸೋದು ತಪ್ಪು ಅಂತ ಎಲ್ಲರಿಗೂ ಔಷಧಿ ಕೊಟ್ಟರು.

ನಿಮಗೆ ಬೇಕಾದ ಮಾತು ಇರುವುದು 2016ರ ಅದರ ಕೊನೆಯ ವರದಿಯಲ್ಲಿ. ಔಷಧಿ ಶುರುವಾದ ಮೇಲೂ ಎಂಟು ಸಂಗಾತಿಗಳಲ್ಲಿ ಸೋಂಕು ಕಂಡಿತು. ಯಾವಾಗ ದಾಟಿತ್ತು? ನಾಲ್ಕು, ಔಷಧಿ ಶುರುವಾಗುವ ಆಸುಪಾಸಿನಲ್ಲಿ, ವೈರಸ್ ಇನ್ನೂ ಇಳಿಯುವ ಮೊದಲು. ಇನ್ನು ನಾಲ್ಕು, ಔಷಧಿ ಕೈಕೊಟ್ಟು ವೈರಸ್ ಮತ್ತೆ ಏರಿದಾಗ. ಇಳಿದು ನಿಂತಿದ್ದ ಹೊತ್ತಿನಲ್ಲಿ ಒಂದೂ ಇಲ್ಲ. ಈಗ ನೀವಿರುವುದು ಎಲ್ಲಿ ಅಂತ ನೋಡಿ. 20 ದಿನ ಬಿಟ್ಟು ಮತ್ತೆ ಶುರು ಮಾಡಿದ್ದಾರೆ, ಇಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ನಿರೋಧ್ ಅಂದದ್ದು.

ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. 2008ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ವೈದ್ಯರು, ಗುಳಿಗೆ ತಪ್ಪದೆ ತಗೊಂಡು ಆರು ತಿಂಗಳು ವೈರಸ್ ಕಾಣದೆ ಇದ್ದರೆ ಸಂಗಾತಿಗೆ ದಾಟುವುದಿಲ್ಲ ಅಂತ ಮೊದಲ ಬಾರಿ ಬಾಯಿಬಿಟ್ಟು ಹೇಳಿದರು. ಜಗತ್ತಿನ ಅರ್ಧ ವೈದ್ಯರು ಅವರ ಮೇಲೆ ಮುಗಿಬಿದ್ದರು. ಇಲ್ಲಿ ಕಲಬುರಗಿಯಲ್ಲಿ ಕೂತು ನಾನೂ ‘ಇದು ಹುಚ್ಚಾಟ’ ಅಂದಿದ್ದೆ. ಅದೇ ವರ್ಷ ಆಳಂದ ಕಡೆಯ ಒಂದು ಜೋಡಿ ಬಂದು ಮಕ್ಕಳ ಬಗ್ಗೆ ಕೇಳಿದಾಗ, ಮಕ್ಕಳ ಆಸೆ ಬಿಟ್ಟುಬಿಡಿ ಅಂತ ಖಡಾಖಂಡಿತ ಹೇಳಿ ಕಳಿಸಿದೆ. ಆ ಹೆಣ್ಣುಮಗಳು ಒಂದು ಮಾತೂ ಆಡದೆ ಸೆರಗು ಸರಿ ಮಾಡಿಕೊಂಡು ಎದ್ದು ಹೋದದ್ದು ಇನ್ನೂ ಕಣ್ಣಮುಂದೆ ಇದೆ. ಆಗ ಕೈಯಲ್ಲಿದ್ದ ಪುರಾವೆ ಕಡಿಮೆ, ಅದು ನಿಜ. ಆದರೆ ‘ಸದ್ಯಕ್ಕೆ ಗೊತ್ತಿಲ್ಲ, ಕಾದು ನೋಡೋಣ’ ಅನ್ನಬಹುದಿತ್ತು. ಅನ್ನಲಿಲ್ಲ. ಇವತ್ತು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಬರೆದು ಕೊಟ್ಟಿದೆ: ವೈರಸ್ ಕಾಣದಷ್ಟು ಇಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ದಾಟುವ ಅಪಾಯ ಸೊನ್ನೆ.

ಇನ್ನು ನೀವು ಮಾಡಬೇಕಾದದ್ದು. ಇಬ್ಬರೂ ಸೇರಿ ಎ.ಆರ್.ಟಿ. ಸೆಂಟರಿಗೆ ಹೋಗಿ. ಗುಳಿಗೆ ಬಿಟ್ಟ ದಿನಗಳನ್ನು ಹೇಳಿ, ವೈರಲ್ ಲೋಡ್ ಟೆಸ್ಟ್ ಕೇಳಿ. ಸರ್ಕಾರಿ ಕೇಂದ್ರದಲ್ಲಿ ಅದಕ್ಕೆ ದುಡ್ಡಿಲ್ಲ. ಸಾಮಾನ್ಯವಾಗಿ ವರ್ಷಕ್ಕೊಂದು ಸಲ ಮಾಡುತ್ತಾರೆ, ನಿಮ್ಮದು ಹೇಗೂ ವರ್ಷ ದಾಟಿದೆ. ಏರಿದ್ದರೆ ಗಾಬರಿ ಬೇಡ. ಮೂರು ತಿಂಗಳು ಒಂದು ದಿನವೂ ತಪ್ಪದೆ ತಗೊಂಡು ಮತ್ತೆ ಟೆಸ್ಟ್ ಮಾಡುತ್ತಾರೆ. ಈಗ ಕೊಡುವ ಡೊಲುಟೆಗ್ರಾವಿರ್ ಇರುವ ಗುಳಿಗೆ ಗಟ್ಟಿ ಔಷಧಿ, ಹೆಚ್ಚಿನವರಲ್ಲಿ ಮತ್ತೆ ಇಳಿಸುತ್ತೆ. ಇಳಿದ ಮೇಲೂ ಆರು ತಿಂಗಳು ಹಾಗೇ ನಿಲ್ಲಲಿ, ಆಮೇಲೆ ಮಗುವಿಗೆ ಪ್ರಯತ್ನ ಮಾಡಿ ಅಂತ ನಾನು ಹೇಳೋದು. ನಿಮಗೆ 27, ಆರೇಳು ತಿಂಗಳಿಂದ ಏನೂ ಕೆಡಲ್ಲ.

ನೀವೂ ಟೆಸ್ಟ್ ಮಾಡಿಸಿ. ಈಗ ಒಂದು, ನಿರೋಧ್ ಇಲ್ಲದೆ ಸೇರಿದ ಕೊನೆಯ ದಿನದಿಂದ ಮೂರು ತಿಂಗಳಿಗೆ ಇನ್ನೊಂದು. ಈಗಲೇ ನೆಗೆಟಿವ್ ಬಂತು ಅಂತ ಸುಮ್ಮನಾಗಬೇಡಿ. ಸೋಂಕು ಹೊಸದಿದ್ದರೆ ಟೆಸ್ಟಿಗೆ ಸಿಗಲು ಕೆಲವು ವಾರ ಬೇಕು. ಹೋದ ತಿಂಗಳಿಂದ ನಿರೋಧ್ ಬಿಟ್ಟಿದ್ದೀರಲ್ಲ, ಮುಟ್ಟು ಏನಾದರೂ ತಡವಾಗಿದ್ದರೆ ಗರ್ಭ ಪರೀಕ್ಷೆಯನ್ನೂ ಅವತ್ತೇ ಮಾಡಿಸಿ.

ಮಗುವಿಗೆ ಬರುತ್ತಾ ಅಂತ ಕೇಳಿದ್ದೀರಿ. ಅಪ್ಪನಿಂದ ಮಗುವಿಗೆ ನೇರವಾಗಿ ಎಚ್‌ಐವಿ ಬರುವುದಿಲ್ಲ. ಮಗುವಿಗೆ ಬರುವುದು ತಾಯಿಯಿಂದ ಮಾತ್ರ. ಹೊಟ್ಟೆಯಲ್ಲಿದ್ದಾಗ, ಹೆರಿಗೆಯಲ್ಲಿ, ಇಲ್ಲವೇ ಎದೆಹಾಲಿನಲ್ಲಿ. ತಾಯಿ ನೆಗೆಟಿವ್ ಇದ್ದರೆ ಮಗುವೂ ನೆಗೆಟಿವ್. ಹಾಗಾಗಿ ಮಗುವನ್ನು ಕಾಪಾಡೋದು ಅಂದ್ರೆ ನಿಮ್ಮನ್ನು ಕಾಪಾಡೋದು. ಪ್ರಯತ್ನ ನಡೆಸುವ ತಿಂಗಳುಗಳಲ್ಲಿ ಮೂರು ತಿಂಗಳಿಗೊಮ್ಮೆ ನಿಮ್ಮ ಟೆಸ್ಟ್, ಗರ್ಭ ನಿಂತ ಮೇಲೂ ಆಗಾಗ. ಹುಟ್ಟಿದ ಮೇಲೆ ನೀವು ನೆಗೆಟಿವ್ ಇದ್ದರೆ ಧಾರಾಳವಾಗಿ ಎದೆಹಾಲು ಕೊಡಿ. ದೊಡ್ಡ ಊರುಗಳಲ್ಲಿ ವೀರ್ಯ ತೊಳೆದು ಗರ್ಭಕ್ಕೆ ಸೇರಿಸುತ್ತೇವೆ ಅಂತ ಹೇಳಿ ದುಡ್ಡು ಕೀಳುವವರು ಸಿಗಬಹುದು. ವೈರಸ್ ಇಳಿದು ನಿಂತ ಗಂಡನಿಗೆ ಅದು ಬೇಕಿಲ್ಲ. ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವವರಿಗೆ ಮುಟ್ಟು ಶುರುವಾದ ದಿನದಿಂದ ಎಣಿಸಿ 11ರಿಂದ 16ನೇ ದಿನದೊಳಗೆ ಸೇರಿದರೆ ಗರ್ಭ ನಿಲ್ಲುವ ಸಾಧ್ಯತೆ ಜಾಸ್ತಿ. ಈಗಿನಿಂದಲೇ ಫೋಲಿಕ್ ಆಸಿಡ್ ಗುಳಿಗೆ ಶುರು ಮಾಡಿ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಿಗುತ್ತೆ. ಯಾಕೆ ಅಂತ ಅವರಿಗೆ ಹೇಳುವ ಅಗತ್ಯ ಇಲ್ಲ.

ಇನ್ನೊಂದು ಮಾತು ವಿಡಿಯೊದಲ್ಲಿ ಇರಲಿಕ್ಕಿಲ್ಲ. ಆ ಸೊನ್ನೆ ಎಚ್‌ಐವಿಗೆ ಮಾತ್ರ. ಸಿಫಿಲಿಸ್, ಗೊನೊರಿಯಾ ಇವುಗಳನ್ನು ಎಚ್‌ಐವಿ ಗುಳಿಗೆ ತಡೆಯುವುದಿಲ್ಲ. ಪಾರ್ಟ್ನರ್ ಅಧ್ಯಯನದ ಎರಡನೇ ಭಾಗದಲ್ಲಿ ಸುಮಾರು ಕಾಲುಭಾಗ ಜನಕ್ಕೆ ಇಂಥ ಯಾವುದಾದರೊಂದು ಲೈಂಗಿಕ ಸೋಂಕು ಆಗಿತ್ತು, ಆಗಲೂ ಎಚ್‌ಐವಿ ದಾಟಲಿಲ್ಲ. ಆದರೆ ಆ ಬೇರೆ ಸೋಂಕು ದಾಟುತ್ತೆ. ಸಿಫಿಲಿಸ್ ಭಾಳ ಕಳ್ಳ ಜಡ್ಡು. ಮೊದಲು ಬರುವ ಹುಣ್ಣು ನೋಯುವುದಿಲ್ಲ, ತಾನಾಗಿಯೇ ಮಾಯುತ್ತೆ, ‘ವಾಸಿ ಆಯ್ತು’ ಅಂತ ಮರೆತುಬಿಡುತ್ತಾರೆ. ಅದು ಒಳಗೇ ಇರುತ್ತೆ. ಬಸುರಿಯಲ್ಲಿ ಇದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ನಮ್ಮ ಕಡೆ ‘ಏಳನೇ ತಿಂಗಳಲ್ಲಿ ಹೋಯ್ತು, ದೃಷ್ಟಿ ಆಗಿತ್ತು’ ಅನ್ನುವ ಕೆಲವು ಕಥೆಗಳ ಹಿಂದೆ ಇದೇ ಇರಬಹುದು ಅಂತ ನನ್ನ ಅನುಮಾನ. ಒಂದು ರಕ್ತ ಪರೀಕ್ಷೆ ಸಾಕು. ಹೊಸ ಸೋಂಕಾದರೆ ಪೆನಿಸಿಲಿನ್ ಸೂಜಿ ಒಂದೇ ಸಲ. ಇಬ್ಬರಿಗೂ ಮಾಡಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆ ‘ಸುರಕ್ಷಾ ಕ್ಲಿನಿಕ್’ ಅಂತ ಬೇರೆಯೇ ಕೋಣೆ ಇರುತ್ತೆ.

ಈಗ ಗುಳಿಗೆಯ ಡಬ್ಬಿಯ ವಿಷಯಕ್ಕೆ ಬರೋಣ. 20 ದಿನ ತಪ್ಪಿದ್ದು ತೊಗರಿ ರಾಶಿಯಿಂದ ಅಂತ ಬರೆದಿದ್ದೀರಿ. ನಾನು ಪೂರ್ತಿ ನಂಬಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕಲಬುರಗಿ ಅಷ್ಟು ದೂರವಲ್ಲ. ರಾಶಿ ಬಿಟ್ಟು ಪಟ್ಟಣಕ್ಕೆ ಯಾಕೆ ಹೊರಟೆ ಅಂತ ಮನೆಯಲ್ಲಿ ಕೇಳುತ್ತಾರೆ, ಅದಕ್ಕೆ ಉತ್ತರ ಇಲ್ಲ. ಅದೇ ಕಾರಣ ಅಲ್ವಾ? ನನ್ನ ಹತ್ತಿರ ಬರುವವರಲ್ಲಿ ಗುಳಿಗೆ ತಪ್ಪುವುದು ಮರೆವಿನಿಂದ ಕಡಿಮೆ, ಮುಚ್ಚಿಡುವುದರಿಂದ ಜಾಸ್ತಿ. ಒಬ್ಬರು ಡಬ್ಬಿಯ ಲೇಬಲ್ ಕಿತ್ತು ಜೋಳದ ಚೀಲದಲ್ಲಿ ಹುಗಿದಿಡುತ್ತಿದ್ದರು. ಇನ್ನೊಬ್ಬರ ಮನೆಯಲ್ಲಿ ಡಬ್ಬಿ ಅಲುಗಿದರೆ ಗುಳಿಗೆ ಗಲಗಲ ಅಂತ ಸದ್ದು ಬರುತ್ತೆ ಅಂತ, ಎಲ್ಲವನ್ನೂ ಹೊರಗೆ ತೆಗೆದು ಹಾಳೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮಳೆಗಾಲದಲ್ಲಿ ಎಲ್ಲ ಮೆತ್ತಗಾಯಿತು. ಹಾಗೆ ಮಾಡಬೇಡಿ. ಡಬ್ಬಿಯೊಳಗೆ ತೇವ ಹೀರುವ ಸಣ್ಣ ಪುಡಿಕೆ ಇರುತ್ತೆ, ಗುಳಿಗೆ ಅಲ್ಲೇ ಇರಬೇಕು. ಸದ್ದು ಬರಬಾರದು ಅಂದ್ರೆ ಮೇಲೆ ಒಂದು ಉಂಡೆ ಹತ್ತಿ ತುರುಕಿ, ಆಯ್ತು.

ಡಬ್ಬಿಯಲ್ಲಿ ಹತ್ತು ಗುಳಿಗೆ ಉಳಿದಾಗಲೇ ಹೊಸದು ತರೋದು ಅಭ್ಯಾಸ ಮಾಡಿ. ಚೆನ್ನಾಗಿ ನಡೆಯುತ್ತಿರುವವರಿಗೆ ಒಂದೇ ಸಲಕ್ಕೆ ಎರಡು ಮೂರು ತಿಂಗಳದ್ದು ಕೊಡುತ್ತಾರೆ, ಕೇಳಿ. ಕೆಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಲಿಂಕ್ ಎ.ಆರ್.ಟಿ. ಕೇಂದ್ರ ಇದೆ, ಹತ್ತಿರದ್ದು ಯಾವುದು ಅಂತ ವಿಚಾರಿಸಿ. ಮತ್ತೆ ಹೈದರಾಬಾದಿಗೆ ಗುಳೆ ಹೋದರೆ ಚಿಕಿತ್ಸೆಯ ಪುಸ್ತಕ ಜೊತೆಗೆ ಒಯ್ಯಲಿ. ಅದನ್ನು ತೋರಿಸಿದರೆ ಅಲ್ಲಿಯ ಕೇಂದ್ರದಲ್ಲೂ ಗುಳಿಗೆ ಕೊಡುತ್ತಾರೆ. ಅಡ್ರೆಸ್ ಗೊತ್ತಿಲ್ಲ ಅಂದ್ರೆ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ, ಹೆಸರೂ ಹೇಳಬೇಕಿಲ್ಲ.

ಇದು ಚಿಕ್ಕ ವಿಷಯ, ಆದರೆ ಯಾರೂ ಹೇಳಲ್ಲ. ಗ್ಯಾಸಿಗೆ ಕುಡಿಯುವ ಬಿಳಿ ಔಷಧಿ ಇರುತ್ತಲ್ಲ, ಅದರಲ್ಲಿ ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುತ್ತೆ. ಅವು ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ರಕ್ತಕ್ಕೆ ಹೋಗದಂತೆ ಹಿಡಿದುಬಿಡುತ್ತವೆ. ಸಂಜೆ ಮಿರ್ಚಿ ಭಜಿ ತಿಂದು, ರಾತ್ರಿ ಎದೆ ಉರಿ ಅಂತ ಆ ಔಷಧಿ ಕುಡಿದು, ಮೇಲೆ ಈ ಗುಳಿಗೆ ನುಂಗಿದರೆ ತಗೊಂಡೂ ತಗೊಳ್ಳದ ಹಾಗೆ. ಗುಳಿಗೆ ನುಂಗಿದ ಎರಡು ಗಂಟೆ ಮೇಲೆ ಕುಡಿಯಲಿ. ಮೊದಲೇ ಕುಡಿದಿದ್ದರೆ ಗುಳಿಗೆಗೆ ಆರು ಗಂಟೆ ಬಿಡಲಿ. ಹಾಗೆಯೇ ಕೆಮ್ಮು ಎರಡು ವಾರ ಬಿಡದಿದ್ದರೆ ಕಫ ಪರೀಕ್ಷೆ ಮಾಡಿಸಲಿ. ಟಿ.ಬಿ. ಔಷಧಿ ಶುರುವಾದರೆ ಈ ಗುಳಿಗೆಯ ಪ್ರಮಾಣ ಬದಲಾಗಬೇಕು, ಎರಡೂ ಕಡೆ ತಿಳಿಸಬೇಕು. ಆರು ತಿಂಗಳಲ್ಲಿ ಬೇರುಸಹಿತ ತೆಗೀತೀವಿ ಅಂತ ಪುಡಿ ಕೊಡುವವರ ಹತ್ತಿರ ಹೋಗಬೇಡಿ. ಪುಡಿಯಿಂದ ಏನಾಗುತ್ತೋ ಬಿಡುತ್ತೋ, ಅದರ ಧೈರ್ಯದಲ್ಲಿ ಗುಳಿಗೆ ಬಿಡುತ್ತಾರೆ ನೋಡಿ, ಅದೇ ಅನಾಹುತ.

ಕೊನೆಗೆ ನಿಮ್ಮ ಅತ್ತೆ. ‘ಬಂಜಿ’ ಅನ್ನುವ ಮಾತಿಗೆ ಅರ್ಥವೇ ಇಲ್ಲ ತಂಗಿ. ಆರು ವರ್ಷದಲ್ಲಿ ನಾಲ್ಕು ವರ್ಷ ನೀವು ನಿರೋಧ್ ಬಳಸಿದ್ದೀರಿ. ನಿರೋಧ್ ಬಳಸಿದ ಮನೆಯಲ್ಲಿ ಮಗು ಆಗದಿರುವುದು ದೋಷ ಅಲ್ಲ, ನಿರೋಧ್ ಸರಿಯಾಗಿ ಕೆಲಸ ಮಾಡಿದೆ ಅಂತ. ಇದನ್ನು ಅತ್ತೆಗೆ ಹೇಳಲು ಆಗಲ್ಲ, ಗೊತ್ತು. ಗಂಡನಿಗಾದರೂ ಹೇಳಿ. ‘ನಾವೇ ಸ್ವಲ್ಪ ದಿನ ಬೇಡ ಅಂದಿದ್ದೇವೆ, ಅವಳನ್ನು ಅನ್ನಬೇಡ’ ಅಂತ ಅಮ್ಮನ ಮುಂದೆ ಅವರು ಒಂದು ಮಾತು ಆಡಬೇಕು. ರೋಗದ ಹೆಸರು ಎತ್ತದೆಯೂ ಇಷ್ಟು ಹೇಳಬಹುದು. ನಾಲ್ಕು ವರ್ಷದಿಂದ ಅವರ ಗುಟ್ಟನ್ನು ನೀವು ಹೊತ್ತಿದ್ದೀರಿ, ಬೈಗುಳವನ್ನೂ ನೀವೇ ಹೊರೋದು ಯಾವ ನ್ಯಾಯ?

ಅತ್ತೆಗೆ ರೋಗದ ವಿಷಯ ಹೇಳಲೇಬೇಕು ಅಂತ ಎಲ್ಲೂ ಇಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಿಮ್ಮವರ ಒಪ್ಪಿಗೆ ಇಲ್ಲದೆ ದವಾಖಾನೆಯವರು ಈ ಸುದ್ದಿಯನ್ನು ಮನೆಮಂದಿಗೆ, ಊರವರಿಗೆ ಹೇಳುವಂತಿಲ್ಲ. ಹಿಂದೆ ಒಂದು ದವಾಖಾನೆಯಲ್ಲಿ ನನ್ನ ರೋಗಿಯ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದು ಮಂಚಕ್ಕೆ ತೂಗು ಹಾಕಿದ್ದರು. ಹಾಲು ಹಾಕುವವನಿಗೂ ಗೊತ್ತಾಯಿತು. ಈಗ ಹಾಗೆ ಮಾಡಿದರೆ ದೂರು ಕೊಡಬಹುದು. ಮುಂದೆ ಹೆರಿಗೆಗೆ ಹೋದಾಗಲೂ ಇದು ನೆನಪಿರಲಿ.

ಸೆಂಟರಿಗೆ ಬರುವ ದಿನ ಬೆಳಿಗ್ಗೆ ಬೇಗ ಬನ್ನಿ, ಹನ್ನೊಂದರ ಮೇಲೆ ಸಾಲು ಉದ್ದ ಇರುತ್ತೆ. ಹಳೆಯ ರಿಪೋರ್ಟು, ಚಿಕಿತ್ಸೆಯ ಪುಸ್ತಕ, ಉಳಿದ ಗುಳಿಗೆಯ ಡಬ್ಬಿ ಮೂರನ್ನೂ ತನ್ನಿ, ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ಅವರು ಎಣಿಸುತ್ತಾರೆ. ವೈರಲ್ ಲೋಡ್ ಟೆಸ್ಟಿಗೆ ಹಸಿದ ಹೊಟ್ಟೆ ಬೇಕಿಲ್ಲ. ಇಬ್ಬರೂ ರೊಟ್ಟಿ ತಿಂದೇ ಹೊರಡಿ.